ನೀರಿನ ಫ್ಲೋರೈಡ್, ದೇಹದ ಫ್ಲೋರೈಡ್: ಶಾಲಾ ಯೋಜನಾ ವರದಿಗಳ ಒಂದು ವಿಮರ್ಶೆ

ಮಧುಗಿರಿ, ಸಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ ಆಗಿದೆ. ತುಮಕೂರು ಜಿಲ್ಲೆಯ ಈ ಒಣ ಸೀಮೆಯಲ್ಲಿ ಕೊಳವೆಬಾವಿಯ ನೀರೇ ಬಹುಕಾಲದಿಂದ ಜನರ ಆಧಾರ. ಆ ನೀರಿನಲ್ಲಿ ಹಲವೆಡೆ ಫ್ಲೋರೈಡ್ ಮಿತಿಮೀರಿ ಇರುವುದು ನಿಮಗೆಲ್ಲ ಗೊತ್ತಿರುವ ಸಂಗತಿ. ಹಲ್ಲಿನ ಮೇಲೆ ಕಂದು ಪಟ್ಟೆಗಳಿರುವ ಮಕ್ಕಳು ಇಲ್ಲಿನ ತರಗತಿಗಳಲ್ಲಿ ಅಪರೂಪವೇನಲ್ಲ. ಹೀಗಾಗಿ ವಿಜ್ಞಾನ ಯೋಜನೆ ಎಂದೊಡನೆ ಶಿಕ್ಷಕರಿಗೂ ವಿದ್ಯಾರ್ಥಿಗಳಿಗೂ ಮೊದಲು ಹೊಳೆಯುವ ವಿಷಯ ‘ನಮ್ಮೂರ ನೀರಿನಲ್ಲಿ ಫ್ಲೋರೈಡ್’. 1993ರಲ್ಲಿ ಆರಂಭವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶವು ಸ್ಥಳೀಯ ಸಮಸ್ಯೆಗಳ ಅಧ್ಯಯನಕ್ಕೆ ಒತ್ತು ಕೊಟ್ಟ ಮೇಲೆ ಇಂಥ ಯೋಜನೆಗಳು ನಾಡಿನ ಎಲ್ಲ ಫ್ಲೋರೈಡ್ ಸೀಮೆಗಳಲ್ಲೂ ನಡೆದಿವೆ.

ಈ ವರದಿಗಳ ಚೌಕಟ್ಟು ಬಹುತೇಕ ಒಂದೇ. ಹತ್ತಾರು ಕೊಳವೆಬಾವಿಗಳ ನೀರನ್ನು ಸೀಸೆಗಳಲ್ಲಿ ಸಂಗ್ರಹಿಸುವುದು, ಪರೀಕ್ಷಾ ಕಿಟ್ ಬಳಸಿ ಬಣ್ಣ ಹೋಲಿಸುವುದು, ಕೋಷ್ಟಕ ಬರೆಯುವುದು, ಸ್ತಂಭಾಲೇಖ ಎಳೆಯುವುದು, ಲೀಟರಿಗೆ 1.5 ಮಿಲಿಗ್ರಾಂ ಮೀರಿದ್ದಕ್ಕೆ ಕೆಂಪು ಬಣ್ಣ, ಉಳಿದದ್ದಕ್ಕೆ ಹಸಿರು. ಕೊನೆಗೆ ‘ಇಷ್ಟು ಬಾವಿಗಳು ಸುರಕ್ಷಿತ, ಇಷ್ಟು ಅಸುರಕ್ಷಿತ’ ಎಂಬ ತೀರ್ಮಾನ. ಇದರಲ್ಲಿ ಮೆಚ್ಚಬೇಕಾದದ್ದು ಬಹಳಷ್ಟಿದೆ. ಮಕ್ಕಳು ಊರು ಸುತ್ತುತ್ತಾರೆ, ಅಳೆಯುತ್ತಾರೆ, ಅಂಕಿಗಳನ್ನು ಮುಚ್ಚಿಡುವುದಿಲ್ಲ. ಆದರೆ ಈ ವರದಿಗಳಲ್ಲಿ ಒಂದು ದೊಡ್ಡ ಕೊರತೆಯಿದೆ. ಅವುಗಳಲ್ಲಿ ನೀರಿದೆ, ಬಾವಿಯಿದೆ, ಕಿಟ್ ಇದೆ. ನೀರು ಕುಡಿಯುವ ದೇಹ ಮಾತ್ರ ಇಲ್ಲ. ಫ್ಲೋರೈಡ್ ಕಾಯಿಲೆ ಬರುವುದು ಬಾವಿಗಲ್ಲ, ದೇಹಕ್ಕೆ. ಬಾವಿಯ ಅಂಕಿಯಿಂದ ದೇಹದ ಅಂಕಿಗೆ ಹೋಗಲು ಮೂರು ಮೆಟ್ಟಿಲುಗಳಿವೆ. ಅವನ್ನು ಹತ್ತದೆ ‘ಸುರಕ್ಷಿತ’ ಎಂದು ಬರೆಯುವುದು ಲೆಕ್ಕ ಮುಗಿಯುವ ಮೊದಲೇ ಉತ್ತರ ಬರೆದಂತೆ.

ಸಾರತೆ ಬೇರೆ, ಸೇವನೆ ಬೇರೆ

ಒಂದು ಲೋಟ ಕುದಿಯುವ ನೀರನ್ನೂ ಒಂದು ಹಂಡೆ ಬೆಚ್ಚನೆಯ ನೀರನ್ನೂ ಹೋಲಿಸಿ ನೋಡಿ. ಲೋಟದ ನೀರಿನ ತಾಪ ಹೆಚ್ಚು. ಆದರೆ ಹಂಡೆಯ ನೀರಿನಲ್ಲಿರುವ ಉಷ್ಣ ಹೆಚ್ಚು. ತಾಪ ಬೇರೆ, ಉಷ್ಣ ಬೇರೆ ಎಂದು ಎಂಟನೆಯ ತರಗತಿಯಲ್ಲೇ ಹೇಳಿಕೊಡುತ್ತೇವೆ. ಆದರೆ ಫ್ಲೋರೈಡ್ ವಿಷಯಕ್ಕೆ ಬಂದಾಗ ಅದೇ ವ್ಯತ್ಯಾಸವನ್ನು ಮರೆತುಬಿಡುತ್ತೇವೆ. ಲೀಟರಿಗೆ ಎಷ್ಟು ಮಿಲಿಗ್ರಾಂ ಎಂಬುದು ಸಾರತೆ. ದಿನಕ್ಕೆ ಒಟ್ಟು ಎಷ್ಟು ಮಿಲಿಗ್ರಾಂ ಬಾಯಿಗೆ ಹೋಯಿತು ಎಂಬುದು ಸೇವನೆ. ಎರಡರ ನಡುವೆ ಇರುವುದು ಕುಡಿದ ನೀರಿನ ಗಾತ್ರ.

ಮೊದಲು ಮಿತಿಯ ಮಾತನ್ನೇ ನೋಡೋಣ. ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನಕ, ಐಎಸ್ 10500, 2012ರ ಪರಿಷ್ಕರಣೆಯಲ್ಲಿ ಎರಡು ಅಂಕಿಗಳನ್ನು ಕೊಡುತ್ತದೆ. ಸ್ವೀಕಾರಾರ್ಹ ಮಿತಿ ಲೀಟರಿಗೆ 1.0 ಮಿಲಿಗ್ರಾಂ. ಬೇರೆ ನೀರಿನ ಮೂಲವೇ ಇಲ್ಲದಿದ್ದಾಗ ಸಹಿಸಬಹುದಾದ ಮಿತಿ 1.5 ಮಿಲಿಗ್ರಾಂ. ಎರಡನೆಯದು ಅನಿವಾರ್ಯತೆಯ ಮಿತಿ, ಆರೋಗ್ಯದ ಪ್ರಮಾಣಪತ್ರವಲ್ಲ. ವರದಿಗಳಲ್ಲಿ ಮೊದಲನೆಯ ಅಂಕಿ ಕಣ್ಮರೆಯಾಗಿ ಎರಡನೆಯದು ಹಸಿರು ಬಣ್ಣದ ಗಡಿಯಾಗುತ್ತದೆ. 1.4 ಮಿಲಿಗ್ರಾಂ ಇರುವ ಬಾವಿ ‘ಸುರಕ್ಷಿತ’ದ ಪಟ್ಟಿಗೆ ಸೇರುತ್ತದೆ.

ಆ ‘ಸುರಕ್ಷಿತ’ ಬಾವಿಯ ನೀರನ್ನೇ ಇಪ್ಪತ್ತು ಕಿಲೋ ತೂಕದ ಆರು ವರ್ಷದ ಮಗುವೊಂದು ಕುಡಿಯುತ್ತದೆ ಎಂದಿಟ್ಟುಕೊಳ್ಳಿ. ಬೇಸಗೆಯಲ್ಲಿ ದಿನಕ್ಕೆ ಒಂದೂವರೆ ಲೀಟರ್ ಕುಡಿದರೆ 2.1 ಮಿಲಿಗ್ರಾಂ. ಅನ್ನ, ಮುದ್ದೆ, ಸಾರಿನ ಮೂಲಕ ಇನ್ನೂ ಅರ್ಧ ಲೀಟರ್ ನೀರು ಒಳಗೆ ಹೋದರೆ 0.7. ಒಟ್ಟು 2.8 ಮಿಲಿಗ್ರಾಂ. ಅಮೆರಿಕದ ವೈದ್ಯಕೀಯ ಸಂಸ್ಥೆಯು 1997ರಲ್ಲಿ ನಾಲ್ಕರಿಂದ ಎಂಟು ವರ್ಷದ ಮಕ್ಕಳಿಗೆ ಹಾಕಿದ ಗರಿಷ್ಠ ಮಿತಿ ದಿನಕ್ಕೆ 2.2 ಮಿಲಿಗ್ರಾಂ. ಬಾವಿ ಹಸಿರು ಪಟ್ಟಿಯಲ್ಲಿದೆ, ಮಗು ಮಿತಿ ದಾಟಿದೆ! ಶಾಶ್ವತ ಹಲ್ಲುಗಳ ಎನಾಮಲ್ ರೂಪುಗೊಳ್ಳುವುದು ಹೆಚ್ಚುಕಡಿಮೆ ಎಂಟು ವರ್ಷದೊಳಗೆ ಎಂಬುದನ್ನು ನೆನೆದರೆ ಈ ವ್ಯತ್ಯಾಸ ಎಷ್ಟು ಗಂಭೀರ ಎಂದು ತಿಳಿಯುತ್ತದೆ.

ಬಿಸಿಲಿನ ಲೆಕ್ಕ

ಪಾವಗಡದ ಬಿಸಿಲಿನಲ್ಲಿ ಕಡಲೆಕಾಯಿ ಹೊಲದಲ್ಲಿ ದುಡಿಯುವವರು ಎಷ್ಟು ನೀರು ಕುಡಿಯುತ್ತಾರೆ, ತಣ್ಣನೆಯ ಊರಿನಲ್ಲಿ ಕಚೇರಿಯೊಳಗೆ ಕುಳಿತವರು ಎಷ್ಟು ಕುಡಿಯುತ್ತಾರೆ? ಈ ಪ್ರಶ್ನೆಯನ್ನು ವಿಜ್ಞಾನಿಗಳು ಬಹಳ ಹಿಂದೆಯೇ ಕೇಳಿದ್ದಾರೆ. ಅಮೆರಿಕದ ಗ್ಯಾಲಗನ್ ಮತ್ತು ವರ್ಮಿಲಿಯನ್ 1957ರಲ್ಲಿ ಗಾಳಿಯ ತಾಪಕ್ಕೂ ಮಕ್ಕಳು ಕುಡಿಯುವ ನೀರಿಗೂ ಇರುವ ಸಂಬಂಧವನ್ನು ಒಂದು ಸಮೀಕರಣವಾಗಿ ಬರೆದರು. ಅದರ ಆಧಾರದಲ್ಲಿ 1962ರ ಅಮೆರಿಕದ ಮಾನಕವು ನೀರಿನ ತಕ್ಕ ಫ್ಲೋರೈಡ್ ಸಾರತೆಯನ್ನು ಊರಿನ ತಾಪಕ್ಕೆ ತಕ್ಕಂತೆ ನಿಗದಿ ಮಾಡಿತು. ಸರಾಸರಿ ಗರಿಷ್ಠ ತಾಪ ಸುಮಾರು 10 ಡಿಗ್ರಿ ಸೆಲ್ಸಿಯಸ್ ಇರುವ ಚಳಿಯೂರಿಗೆ 1.2 ಮಿಲಿಗ್ರಾಂ, 32 ಡಿಗ್ರಿಯ ಬಿಸಿಯೂರಿಗೆ 0.7 ಮಿಲಿಗ್ರಾಂ. 2015ರಲ್ಲಿ ಅಲ್ಲಿನ ಸರ್ಕಾರ ಎಲ್ಲೆಡೆಗೂ 0.7 ಎಂದೇ ಶಿಫಾರಸು ಮಾಡಿತು. ವಿಶ್ವ ಆರೋಗ್ಯ ಸಂಸ್ಥೆಯೂ ತನ್ನ 1.5ರ ಮಾರ್ಗಸೂಚಿಯ ಜೊತೆಗೆ, ಸ್ಥಳೀಯ ಮಾನಕ ರೂಪಿಸುವಾಗ ಹವೆಯನ್ನೂ ಕುಡಿಯುವ ನೀರಿನ ಗಾತ್ರವನ್ನೂ ಬೇರೆ ಮೂಲಗಳನ್ನೂ ಗಮನಿಸಬೇಕೆಂದು ಸೂಚಿಸಿದೆ.

ಹಾಗಾದರೆ ಸಿರಾದ ವಿದ್ಯಾರ್ಥಿಯ ವರದಿಯಲ್ಲಿ ಇರಬೇಕಾದ ಮೊದಲ ಹೊಸ ಕಲಂ ಯಾವುದು? ತಾಪಮಾಪಕದ ಓದು, ಮತ್ತು ಮನೆಯ ಒಬ್ಬೊಬ್ಬರು ದಿನಕ್ಕೆ ಕುಡಿಯುವ ನೀರಿನ ಅಳತೆ. ಇದಕ್ಕೆ ರಾಸಾಯನಿಕ ಕಿಟ್ ಬೇಕಿಲ್ಲ. ಒಂದು ಅಳತೆಯ ಲೋಟ ಸಾಕು.

ಜಠರದ ಬಾಗಿಲು

ಬಾಯಿಗೆ ಹೋದದ್ದೆಲ್ಲ ರಕ್ತಕ್ಕೆ ಹೋಗುತ್ತದೆಯೇ? ಇದು ಎರಡನೆಯ ಮೆಟ್ಟಿಲು, ಹೀರಿಕೆ. ನೀರಿನಲ್ಲಿ ಕರಗಿರುವುದು ಋಣಾವೇಶದ ಫ್ಲೋರೈಡ್ ಅಯಾನು. ಕೊಬ್ಬಿನ ಪದರದಿಂದಾದ ಜೀವಕೋಶದ ಪೊರೆಯನ್ನು ಆವೇಶವಿರುವ ಕಣ ಸುಲಭವಾಗಿ ದಾಟಲಾರದು. ಆದರೆ ಜಠರದಲ್ಲಿ ಆಮ್ಲವಿದೆ. ಅಲ್ಲಿ ಫ್ಲೋರೈಡ್ ಅಯಾನು ಹೈಡ್ರೊಜನ್ ಅಯಾನಿನೊಡನೆ ಸೇರಿ ಆವೇಶವಿಲ್ಲದ ಹೈಡ್ರೊಜನ್ ಫ್ಲೋರೈಡ್ ಆಗುತ್ತದೆ. ಎರಡೂ ಸಮಸಮ ಇರುವ ಪಿಎಚ್ ಸುಮಾರು 3.4. ಖಾಲಿ ಹೊಟ್ಟೆಯ ಪಿಎಚ್ 2 ಎಂದುಕೊಂಡರೆ ವ್ಯತ್ಯಾಸ 1.4, ಹತ್ತರ 1.4ನೆಯ ಘಾತ ಸುಮಾರು 25. ಅಂದರೆ ಪ್ರತಿ ಒಂದು ಅಯಾನಿಗೆ 25 ಹೈಡ್ರೊಜನ್ ಫ್ಲೋರೈಡ್ ಅಣುಗಳು. ಈ ಅಣು ಕೊಬ್ಬಿನ ಪೊರೆಯನ್ನು ದಾಟುವ ಸಾಮರ್ಥ್ಯ ಅಯಾನಿಗಿಂತ ಹತ್ತು ಲಕ್ಷ ಪಟ್ಟಿಗೂ ಹೆಚ್ಚು. ಆದ್ದರಿಂದಲೇ ನೀರು ಕುಡಿದ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ರಕ್ತದಲ್ಲಿ ಫ್ಲೋರೈಡ್ ಗರಿಷ್ಠ ಮಟ್ಟಕ್ಕೆ ಏರುತ್ತದೆ.

ಇಲ್ಲಿ ವಿದ್ಯಾರ್ಥಿಗಳು ಎಚ್ಚರದಿಂದ ಬಿಡಿಸಬೇಕಾದ ಗಂಟೊಂದಿದೆ. ಆಮ್ಲ ಕಡಿಮೆಯಿದ್ದರೆ ಹೀರಿಕೆ ನಿಧಾನವಾಗುತ್ತದೆ ನಿಜ. ಆದರೆ ಜಠರದಲ್ಲಿ ಉಳಿದದ್ದು ಮುಂದೆ ಸಣ್ಣ ಕರುಳಿನಲ್ಲಿ ಹೀರಲ್ಪಡುತ್ತದೆ. ಹೀಗಾಗಿ ಆಮ್ಲ ಬದಲಿಸುವುದು ಮುಖ್ಯವಾಗಿ ವೇಗವನ್ನು, ಮೊತ್ತವನ್ನಲ್ಲ. ವೇಗ ಬೇರೆ, ಕ್ರಮಿಸಿದ ದೂರ ಬೇರೆ ಎಂಬ ಹಳೆಯ ಪಾಠವೇ ಇದು.

ಮಾತ್ರೆಗಳು ಕಲಿಸಿದ್ದು

ಒಂದೇ ವಸ್ತು ಬೇರೆ ಬೇರೆ ರೂಪದಲ್ಲಿ ಬಂದಾಗ ದೇಹ ಅದನ್ನು ಬೇರೆ ಬೇರೆಯಾಗಿ ಹೀರುತ್ತದೆ ಎಂಬುದು ಔಷಧ ವಿಜ್ಞಾನದ ಮೊದಲ ಪಾಠ. ನಿದ್ರೆಗೆಂದು ಕೊಡುವ ಮೆಲಟೋನಿನ್ ಮಾತ್ರೆಯನ್ನೇ ನೋಡಿ. ಅದನ್ನು ನುಂಗಿದಾಗ ಹೀರಿಕೆಯಾದ ಮೆಲಟೋನಿನ್ ಮೊದಲು ಯಕೃತ್ತಿನ ಮೂಲಕ ಹಾಯಬೇಕು. ಅಲ್ಲಿ ಬಹುಪಾಲು ಒಡೆದುಹೋಗುತ್ತದೆ. 2000ದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 2 ಮತ್ತು 4 ಮಿಲಿಗ್ರಾಂ ಮಾತ್ರೆಗಳಿಂದ ಇಡೀ ದೇಹದ ರಕ್ತಕ್ಕೆ ತಲಪಿದ್ದು ಸುಮಾರು 15 ಪ್ರತಿಶತ ಮಾತ್ರ. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯಲ್ಲಾದರೆ ಅದೇ ಮೆಲಟೋನಿನ್ ಗಂಟೆಗಟ್ಟಲೆ ಹರಡಿ ಬರುತ್ತದೆ. ಲೇಬಲ್ಲಿನ ಅಂಕಿ ಒಂದೇ, ರಕ್ತದ ಅಂಕಿ ಬೇರೆ. ಫ್ಲೋರೈಡ್ ಇದಕ್ಕೆ ತದ್ವಿರುದ್ಧ. ಅದು ಮೂಲವಸ್ತುವಿನ ಅಯಾನು. ಯಕೃತ್ತು ಅದನ್ನು ಒಡೆಯಲಾರದು. ಖಾಲಿ ಹೊಟ್ಟೆಯಲ್ಲಿ ನೀರಿನ ಮೂಲಕ ಹೋದ ಫ್ಲೋರೈಡ್ ಹೆಚ್ಚುಕಡಿಮೆ ಪೂರ್ತಿ ಹೀರಲ್ಪಡುತ್ತದೆ.

ಅಷ್ಟೇ ಅಲ್ಲ, ಫ್ಲೋರೈಡ್ ತಾನೇ ಒಂದು ಕಾಲದಲ್ಲಿ ಮಾತ್ರೆಯಾಗಿತ್ತು. ಮುಪ್ಪಿನಲ್ಲಿ ಟೊಳ್ಳಾಗುವ ಮೂಳೆಗೆ ಮದ್ದೆಂದು ಸೋಡಿಯಂ ಫ್ಲೋರೈಡನ್ನು ಪಶ್ಚಿಮ ದೇಶಗಳಲ್ಲಿ ಕೊಡುತ್ತಿದ್ದರು. ಸಾದಾ ಮಾತ್ರೆ ಹೊಟ್ಟೆಯನ್ನು ಕೆರಳಿಸುತ್ತಿತ್ತು. ಅದಕ್ಕಾಗಿ ನಿಧಾನ ಬಿಡುಗಡೆಯ ಮಾತ್ರೆ ಬಂತು. ಕ್ಯಾಲ್ಸಿಯಂ ಜೊತೆ ಸೇರಿ ಗಸಿಯಾಗದಂತೆ ಸೋಡಿಯಂ ಮಾನೋಫ್ಲೋರೋಫಾಸ್ಫೇಟ್ ಎಂಬ ಇನ್ನೊಂದು ರೂಪವೂ ಬಂತು. 1990ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ರಿಗ್ಸ್ ಮತ್ತು ಸಂಗಡಿಗರು 202 ಮಹಿಳೆಯರ ಮೇಲಿನ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ದಿನಕ್ಕೆ 75 ಮಿಲಿಗ್ರಾಂ ಸೋಡಿಯಂ ಫ್ಲೋರೈಡ್ ಪಡೆದವರ ಬೆನ್ನೆಲುಬಿನ ಖನಿಜ ಸಾಂದ್ರತೆ 35 ಪ್ರತಿಶತ ಏರಿತ್ತು. ಆದರೆ ಬೆನ್ನೆಲುಬಿನ ಮುರಿತ ಗಮನಾರ್ಹವಾಗಿ ಇಳಿಯಲಿಲ್ಲ. ಬೇರೆ ಮೂಳೆಗಳ ಮುರಿತ ಹೆಚ್ಚಿತು. ಮೂಳೆ ದಟ್ಟವಾಯಿತು, ಗಟ್ಟಿಯಾಗಲಿಲ್ಲ. 1937ರಲ್ಲಿ ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಸೀಮೆಯಿಂದ ಷಾರ್ಟ್ ಮತ್ತು ಸಂಗಡಿಗರು ವರದಿ ಮಾಡಿದ್ದ ಬಾಗಿದ ಬೆನ್ನಿನ, ಬಿಗಿದ ಕೀಲಿನ ಕೃಷಿಕರ ಮೂಳೆಗಳೂ ಎಕ್ಸ್‌ರೇಯಲ್ಲಿ ಹೀಗೆಯೇ ದಟ್ಟವಾಗಿದ್ದವು.

ಈ ಪ್ರಯೋಗದಲ್ಲಿ ನಮ್ಮ ವಿದ್ಯಾರ್ಥಿಗಳಿಗೆ ಒಂದು ಚಿಕ್ಕ ಲೆಕ್ಕವಿದೆ. ಸೋಡಿಯಂ ಫ್ಲೋರೈಡಿನ ಅಣುತೂಕ 42, ಅದರಲ್ಲಿ ಫ್ಲೋರೀನಿನ ಪಾಲು 19. ಹಾಗಾಗಿ 75 ಮಿಲಿಗ್ರಾಂ ಲವಣದಲ್ಲಿರುವ ಫ್ಲೋರೈಡ್ ಸುಮಾರು 34 ಮಿಲಿಗ್ರಾಂ. ಲೇಬಲ್ಲಿನ ತೂಕ ಯಾವುದರ ತೂಕ ಎಂದು ಕೇಳದೆ ಮುಂದೆ ಹೋಗಬಾರದು.

ಬಂಡೆಯಲ್ಲೂ ಹೊಟ್ಟೆಯಲ್ಲೂ ಕ್ಯಾಲ್ಸಿಯಂ

ಆಮ್ಲ ಹೀರಿಕೆಯ ವೇಗ ಬದಲಿಸಿದರೆ ಮೊತ್ತವನ್ನು ಬದಲಿಸುವುದು ಕ್ಯಾಲ್ಸಿಯಂ. ಇದನ್ನು ತಿಳಿಯಲು ಮಧುಗಿರಿಯ ಏಕಶಿಲಾ ಬೆಟ್ಟದಿಂದಲೇ ಆರಂಭಿಸಬಹುದು. ರಾಮನಗರದ ಹಳೆಯ ಹೆಸರಿನಿಂದ ಕರೆಯುವ ಕ್ಲೋಸ್‌ಪೇಟೆ ಗ್ರಾನೈಟ್ ಪಟ್ಟಿ ಉತ್ತರಕ್ಕೆ ಚಾಚಿ ಮಧುಗಿರಿ, ಪಾವಗಡಗಳ ಕಡೆ ಸಾಗುತ್ತದೆ. ಇಂಥ ಗ್ರಾನೈಟ್ ಮತ್ತು ನೈಸ್ ಶಿಲೆಗಳ ಅಪಟೈಟ್, ಬಯೋಟೈಟ್, ಹಾರ್ನ್‌ಬ್ಲೆಂಡ್ ಮುಂತಾದ ಖನಿಜಗಳಲ್ಲಿ ಫ್ಲೋರೀನ್ ಅಡಗಿದೆ. ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಅದನ್ನು ಕರಗಿಸಿಕೊಳ್ಳುತ್ತದೆ. ಎಷ್ಟರ ಮಟ್ಟಿಗೆ? ನೀರಿನಲ್ಲಿ ಕ್ಯಾಲ್ಸಿಯಂ ಧಾರಾಳವಾಗಿದ್ದರೆ ಫ್ಲೋರೈಡ್ ಕ್ಯಾಲ್ಸಿಯಂ ಫ್ಲೋರೈಡ್ ಆಗಿ ಗಸಿಗಟ್ಟುತ್ತದೆ. ಕ್ಯಾಲ್ಸಿಯಂ ಸಾರತೆಯನ್ನು ಫ್ಲೋರೈಡ್ ಸಾರತೆಯ ವರ್ಗದಿಂದ ಗುಣಿಸಿದ ಮೊತ್ತ ಒಂದು ಸ್ಥಿರಾಂಕವನ್ನು ಮೀರಲಾರದು. ಆದ್ದರಿಂದ ಕ್ಯಾಲ್ಸಿಯಂ ನಾಲ್ಕನೆಯ ಒಂದಕ್ಕೆ ಇಳಿದರೆ, ಕರಗಿ ಇರಬಲ್ಲ ಫ್ಲೋರೈಡ್ ಎರಡು ಪಟ್ಟಾಗುತ್ತದೆ. ಕ್ಯಾಲ್ಸಿಯಂ ಕಡಿಮೆಯಾಗಿ ಸೋಡಿಯಂ ಬೈಕಾರ್ಬನೇಟ್ ಹೆಚ್ಚಿದ ಆಳದ ನೀರಿನಲ್ಲಿ ಫ್ಲೋರೈಡ್ ಏರುವುದಕ್ಕೆ ಇದು ಮುಖ್ಯ ಕಾರಣ.

ಇದೇ ಪಂದ್ಯ ಜೀರ್ಣನಾಳದಲ್ಲೂ ನಡೆಯುತ್ತದೆ. ಸ್ವೀಡನ್ನಿನ ಎಕ್‌ಸ್ಟ್ರಾಂಡ್ ಮತ್ತು ಏರ್ನೆಬೊ 1979ರಲ್ಲಿ ತೋರಿಸಿದಂತೆ, ಸೋಡಿಯಂ ಫ್ಲೋರೈಡ್ ಮಾತ್ರೆಯನ್ನು ಹಾಲಿನೊಡನೆ ತೆಗೆದುಕೊಂಡಾಗ ಹೀರಿಕೆ ಸುಮಾರು 70 ಪ್ರತಿಶತಕ್ಕೆ, ಕ್ಯಾಲ್ಸಿಯಂ ತುಂಬಿದ ಉಪಾಹಾರದೊಡನೆ ಸುಮಾರು 60 ಪ್ರತಿಶತಕ್ಕೆ ಇಳಿಯುತ್ತದೆ. ಎಂದರೆ ಅದೇ ಬಾವಿಯ ಅದೇ ನೀರನ್ನು ಬೆಳಗ್ಗೆ ಬರಿಹೊಟ್ಟೆಯಲ್ಲಿ ಕುಡಿಯುವ ಮಗುವಿಗೂ ಊಟದ ನಡುವೆ ಕುಡಿಯುವ ಮಗುವಿಗೂ ವ್ಯತ್ಯಾಸವಿದೆ. ಈ ಸೀಮೆಯ ಮುಖ್ಯ ಆಹಾರವಾದ ರಾಗಿಯಲ್ಲಿ ನೂರು ಗ್ರಾಮಿಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಆದರೆ ಅದರ ಒಂದು ಭಾಗವನ್ನು ರಾಗಿಯಲ್ಲೇ ಇರುವ ಫೈಟೇಟ್, ಆಕ್ಸಲೇಟ್‌ಗಳು ಹಿಡಿದಿಟ್ಟುಕೊಳ್ಳುತ್ತವೆ. ‘ರಾಗಿ ತಿನ್ನಿ, ಫ್ಲೋರೈಡ್ ಭಯವಿಲ್ಲ’ ಎಂಬ ಘೋಷಣೆಗೆ ಇಲ್ಲಿ ಅವಕಾಶವಿಲ್ಲ. ಹೀರಿಕೆ 60 ಪ್ರತಿಶತಕ್ಕೆ ಇಳಿದರೂ 3 ಮಿಲಿಗ್ರಾಂ ನೀರು 1.8ರ ನೀರಿನಂತೆ ವರ್ತಿಸುತ್ತದೆಯೇ ಹೊರತು ಸಿಹಿನೀರಾಗುವುದಿಲ್ಲ. ಒಳ್ಳೆಯ ಆಹಾರ ಒಳ್ಳೆಯ ನೀರಿಗೆ ಬದಲಿಯಲ್ಲ.

ಉಳಿಕೆ ಮತ್ತು ಹುಣಸೆ

ಮೂರನೆಯ ಮೆಟ್ಟಿಲು ಉಳಿಕೆ. ಹೀರಿದ ಫ್ಲೋರೈಡಿನಲ್ಲಿ ವಯಸ್ಕರ ದೇಹ ಹೆಚ್ಚುಕಡಿಮೆ ಅರ್ಧವನ್ನು ಮೂತ್ರದ ಮೂಲಕ ಹೊರಹಾಕುತ್ತದೆ. ಉಳಿದದ್ದು ಮೂಳೆಗೆ ಸೇರುತ್ತದೆ. ಮೂಳೆ ಬೆಳೆಯುತ್ತಿರುವ ಚಿಕ್ಕ ಮಕ್ಕಳಲ್ಲಿ ಉಳಿಕೆ 80 ಪ್ರತಿಶತದವರೆಗೂ ಹೋಗಬಹುದು. ಜಠರದ ಸಮೀಕರಣವೇ ಮೂತ್ರಪಿಂಡದಲ್ಲೂ ಕೆಲಸ ಮಾಡುತ್ತದೆ. ಮೂತ್ರ ಆಮ್ಲೀಯವಾಗಿದ್ದರೆ ಹೈಡ್ರೊಜನ್ ಫ್ಲೋರೈಡ್ ರೂಪುಗೊಂಡು ಮತ್ತೆ ರಕ್ತಕ್ಕೆ ನುಸುಳುತ್ತದೆ. ಪಿಎಚ್ 5ರಿಂದ 7ಕ್ಕೆ ಏರಿದರೆ ಆ ರೂಪದ ಪಾಲು ನೂರರಲ್ಲಿ ಒಂದಂಶಕ್ಕೆ ಇಳಿಯುತ್ತದೆ, ಫ್ಲೋರೈಡ್ ಹೊರಗೆ ಹೋಗುತ್ತದೆ.

ತುಮಕೂರು ಸೀಮೆಯ ಹುಣಸೆ ಇಲ್ಲಿ ಪ್ರವೇಶಿಸುತ್ತದೆ. ಹುಣಸೆಹಣ್ಣು ಸೇವಿಸಿದ ಬಾಲಕರ ಮೂತ್ರದಲ್ಲಿ ಫ್ಲೋರೈಡ್ ವಿಸರ್ಜನೆ ಹೆಚ್ಚಿತೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಸಂಶೋಧಕರು 2002ರಲ್ಲಿ ಪ್ರಕಟಿಸಿದರು. ಇದು ಒಳ್ಳೆಯ ಸುಳಿವು. ಆದರೆ ಹದಿನೆಂಟು ಬಾಲಕರ ಕೆಲವೇ ದಿನಗಳ ಅಧ್ಯಯನದಿಂದ ‘ಹುಣಸೆ ಫ್ಲೋರೋಸಿಸ್ ಗುಣಪಡಿಸುತ್ತದೆ’ ಎಂಬ ಶೀರ್ಷಿಕೆಗೆ ಜಿಗಿಯುವುದು ವಿಜ್ಞಾನವಲ್ಲ. ವಿಸರ್ಜನೆ ಹೆಚ್ಚಿತು ಎಂಬುದು ಅಳತೆ. ರೋಗ ವಾಸಿಯಾಯಿತು ಎಂಬುದು ಇನ್ನೊಂದು ಮಾತು. ಅದಕ್ಕೆ ಬೇರೆಯೇ ಪುರಾವೆ ಬೇಕು.

ಅಡುಗೆ ಮನೆಯ ಲೋಪ

ಈಗ ಹಳ್ಳಿ ಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳಿವೆ. ವಿಪರ್ಯಯ ಪರಾಸರಣದ ಪೊರೆಯ ಮೂಲಕ ಬಂದ ನೀರನ್ನು ಕ್ಯಾನುಗಳಲ್ಲಿ ಮನೆಗೆ ಒಯ್ಯುತ್ತಾರೆ. ವರದಿಗಳೂ ಇದನ್ನೇ ಪರಿಹಾರವೆಂದು ಬರೆದು ಮುಗಿಸುತ್ತವೆ. ಆದರೆ ಆ ನೀರು ಕುಡಿಯುವುದಕ್ಕೆ. ಅಡುಗೆಗೆ ಯಾವ ನೀರು? ದಿನಕ್ಕೆ ತಲೆಗೆ ಒಂದು ಲೀಟರ್ ಕೊಳವೆಬಾವಿ ನೀರು ಅಡುಗೆಯಲ್ಲಿ ಹೋದರೆ, 3 ಮಿಲಿಗ್ರಾಂ ಸಾರತೆಯಲ್ಲಿ 3 ಮಿಲಿಗ್ರಾಂ ಸೇವನೆ ಅಲ್ಲಿಯೇ ಆಯಿತು. ಕುದಿಸಿದರೆ ಫ್ಲೋರೈಡ್ ಹೋಗುತ್ತದೆ ಎಂಬ ನಂಬಿಕೆಯೂ ಉಂಟು. ಹೋಗುವುದು ನೀರು ಮಾತ್ರ. ಮೂರು ಲೀಟರ್ ಕುದಿದು ಎರಡಾದರೆ 1.5 ಇದ್ದದ್ದು 2.25 ಆಗುತ್ತದೆ.

ಶಾಲೆಯ ಅಡುಗೆ ಮನೆಗೂ ಇದೇ ಪ್ರಶ್ನೆ. ಬಿಸಿಯೂಟದ ಅನ್ನ, ಸಾಂಬಾರು ಬೇಯುವುದು ಯಾವ ನೀರಿನಲ್ಲಿ? 2013ರಲ್ಲಿ ಆರಂಭವಾದ ಕ್ಷೀರಭಾಗ್ಯದ ಹಾಲಿನ ಪುಡಿಯನ್ನು ಕಲಸುವುದು ಯಾವ ನೀರಿನಲ್ಲಿ? ಹಾಲಿನ ಕ್ಯಾಲ್ಸಿಯಂ ಹೀರಿಕೆಯನ್ನು ತಗ್ಗಿಸುತ್ತದೆ ನಿಜ. ಕಲಸಿದ ನೀರು ಸೇವನೆಯನ್ನು ಏರಿಸುವುದೂ ನಿಜ. ನಿಮ್ಮ ಶಾಲೆಯ ಬಾವಿಯಲ್ಲಿ ಈ ಎರಡರಲ್ಲಿ ಯಾವುದು ಹೆಚ್ಚು ತೂಗುತ್ತದೆ ಎಂಬುದು ಅಳೆದು ಉತ್ತರಿಸಬಹುದಾದ ಪ್ರಶ್ನೆ. ಒಂದು ಯೋಜನೆಗೆ ಇದಕ್ಕಿಂತ ಒಳ್ಳೆಯ ವಿಷಯ ಬೇಕೆ?

ಮುಂದಿನ ವರದಿ

ಈ ಟೀಕೆಯ ಉದ್ದೇಶ ಮಕ್ಕಳ ಉತ್ಸಾಹಕ್ಕೆ ತಣ್ಣೀರೆರಚುವುದಲ್ಲ. ರಕ್ತ, ಮೂತ್ರಗಳ ಪರೀಕ್ಷೆ ಶಾಲೆಯ ಕೆಲಸವಲ್ಲ. ಅದು ವೈದ್ಯರಿಗೂ ಪ್ರಯೋಗಾಲಯಕ್ಕೂ ಸೇರಿದ್ದು. ಆದರೆ ಶಾಲೆಯೇ ಮಾಡಬಹುದಾದದ್ದು ಬಹಳವಿದೆ. ಬಾವಿಯ ಕೋಷ್ಟಕದ ಪಕ್ಕದಲ್ಲಿ ಮನೆಯ ಕೋಷ್ಟಕವೊಂದು ಇರಲಿ. ಅದರಲ್ಲಿ ಪ್ರತಿಯೊಬ್ಬರ ವಯಸ್ಸು ಮತ್ತು ತೂಕ, ಬೇಸಗೆ ಮತ್ತು ಚಳಿಗಾಲದಲ್ಲಿ ಕುಡಿಯುವ ನೀರು, ಅಡುಗೆಗೆ ಬಳಸುವ ನೀರು ಮತ್ತು ಅದರ ಮೂಲ, ದಿನಕ್ಕೆ ಕುಡಿಯುವ ಚಹಾ, ನೀರು ಕುಡಿಯುವ ಹೊತ್ತು ಬರಿಹೊಟ್ಟೆಯೋ ಊಟದ ಜೊತೆಯೋ, ಹಾಲು ಮತ್ತು ರಾಗಿಯ ಬಳಕೆ ಇವು ದಾಖಲಾಗಲಿ. ನೀರಿನಲ್ಲಿ ಫ್ಲೋರೈಡ್ ಜೊತೆಗೆ ಕ್ಯಾಲ್ಸಿಯಂ ಗಡಸುತನವನ್ನೂ ಅಳೆಯಿರಿ. 1.0 ಮತ್ತು 1.5 ಎರಡೂ ಗೆರೆಗಳನ್ನು ಆಲೇಖದಲ್ಲಿ ಎಳೆಯಿರಿ. ನಡುವಿನ ಬಾವಿಗಳಿಗೆ ಹಸಿರಲ್ಲ, ಹಳದಿ ಬಣ್ಣ ಕೊಡಿ. ಕೊನೆಗೆ ಸೇವನೆಯನ್ನು ಕಿಲೋ ತೂಕಕ್ಕೆ ಇಷ್ಟು ಎಂದು ಲೆಕ್ಕ ಹಾಕಿ.

ಹೀಗೆ ಮಾಡಿದಾಗ ಒಂದೇ ಬಾವಿಯ ನೀರು ಕುಡಿಯುವ ಅಜ್ಜ ಮತ್ತು ಮೊಮ್ಮಗಳ ಅಂಕಿಗಳು ಬೇರೆ ಬೇರೆ ಎಂದು ವಿದ್ಯಾರ್ಥಿಗಳಿಗೆ ತಾವಾಗಿಯೇ ಕಾಣುತ್ತದೆ. ಘಟಕದಿಂದ ತಂದ ನೀರು ದಿನಕ್ಕೆ ಒಂದೇ ಕ್ಯಾನು ಎಂದಾದರೆ ಮೊದಲು ಯಾರಿಗೆ, ಯಾವುದಕ್ಕೆ ಎಂಬ ಪ್ರಶ್ನೆಗೂ ಆ ಕೋಷ್ಟಕವೇ ಉತ್ತರ ಕೊಡುತ್ತದೆ: ಎಂಟು ವರ್ಷದೊಳಗಿನ ಮಕ್ಕಳಿಗೆ, ಗರ್ಭಿಣಿಯರಿಗೆ, ಮತ್ತು ಕುಡಿಯುವುದಕ್ಕಷ್ಟೇ ಅಲ್ಲದೆ ಅವರ ಅಡುಗೆಗೂ. ಇದು ಗ್ರಾಮ ಪಂಚಾಯಿತಿಯ ಮುಂದೆ ಇಡಬಹುದಾದ ವರದಿ. ಬಾವಿಗೆ ಬಣ್ಣ ಬಳಿದು ನಿಲ್ಲುವ ವರದಿಯಿಂದ ಈ ಕೆಲಸವಾಗದು.